ಮೇಲೊಂದು ಕ್ರೋನಾ

ಕಳೆದ ಶನಿವಾರ ದೇವರ ಗೂಡಿನ ಸಾಮಾನನ್ನೆಲ್ಲ ಹರಡಿಕೊಂಡು ಹುಣಸೆಹಣ್ಣು ಹಚ್ಚಿ ಉಜ್ಜುತ್ತಾ ಕೂತಿದ್ದೆ. ನಮ್ಮ ಮನೆಯಲ್ಲಿ ಇದು ನನ್ನ ಪಾಲಿನ ಕೆಲಸ. ಕಾರು ಓಡಿಸುವುದು ಹೆಂಡತಿಯ ಪಾಲಿನದು. ಎಂದೂ ಪೂರ್ತಿ ಖಾಲಿ ಮಾಡದ ಕುಂಕುಮದ ಭರಣಿಯನ್ನು ಬೋರಲು ಹಾಕಿದಾಗ ಪುಡಿಯ ಜೊತೆಗೆ ಠಣ್ಣನೆ ಬಿದ್ದದ್ದು ಹಳೆಯ ಒಂದು ಕ್ರೋನಾ ನಾಣ್ಯ. ಈ ನಾಣ್ಯ ಚಲಾವಣೆಯಿಂದ ಹೋಗಿ ಎಷ್ಟೋ ಕಾಲವಾಯಿತು. ಈಗ ಇದಕ್ಕೆ ಸ್ವೀಡನ್ನಿನಲ್ಲಿ ಒಂದು ಪೆಪ್ಪರಮೆಂಟೂ ಬರುವುದಿಲ್ಲ. ಆದರೂ ಉಜ್ಜಿದೆ. ಹೊಳೆಯಲಿಲ್ಲ. ಕುಂಕುಮ ಮಾತ್ರ ನಾಣ್ಯದ ಮೇಲಿನ ರಾಜನ ಮೂಗಿನ ಸಂದಿಯಲ್ಲಿ ಗಟ್ಟಿಯಾಗಿ ಕೂತಿತ್ತು.

ನಾನು ಚಿಂತೆ ಮಾಡುವುದರಲ್ಲಿ ಪಳಗಿದವನು. ಒಲೆ ಆರಿಸಿದೆನೋ ಇಲ್ಲವೋ ಎಂದು ನೋಡಲು ಕಿಸ್ಟಾ ಮೆಟ್ರೋ ಸ್ಟೇಷನ್ನಿನಿಂದ ಮನೆಗೆ ವಾಪಸು ಓಡಿದವನು. ನಮ್ಮದು ಕರೆಂಟಿನ ಒಲೆ, ಅದೂ ತಾನಾಗಿಯೇ ಆರುವಂಥದ್ದು. ನಿಮ್ಮ ಬಳಗದಲ್ಲೂ ಇಂಥವನೊಬ್ಬ ಇದ್ದೇ ಇರುತ್ತಾನೆ. ಇರದಿದ್ದರೆ, ದಯವಿಟ್ಟು ಒಮ್ಮೆ ಕನ್ನಡಿ ನೋಡಿಕೊಳ್ಳಿ.

ಎರಡು ಸಾವಿರದ ಐದೋ ಆರೋ ಇರಬೇಕು. ಹೆಂಡತಿ ಶೈಲಾಗೆ ಕೆಲಸ ಸಿಕ್ಕಿತು. ಮಣಿಪಾಲದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದವಳು ನನ್ನ ಕೆಲಸಕ್ಕಾಗಿ ಇಲ್ಲಿಗೆ ಬಂದು, ವರ್ಷಗಟ್ಟಲೆ ಸ್ವೀಡಿಷ್ ಕಲಿಯುತ್ತಾ, ಮಗಳನ್ನು ದಾಗಿಸ್ ಎಂಬ ಇಲ್ಲಿನ ಶಿಶುವಿಹಾರಕ್ಕೆ ಬಿಟ್ಟು ಕರೆತರುತ್ತಾ ಕೂತಿದ್ದಳು. ಈಗ ಉಪ್ಸಾಲಾ ದಾರಿಯ ಒಂದು ಆಸ್ಪತ್ರೆಯವರು ಕರೆದಿದ್ದರು. ಸೋಮವಾರ ಬೆಳಗಿನ ಪಾಳಿಯಿಂದಲೇ ಬರಬೇಕು. ಆ ಪಾಳಿ ಶುರುವಾಗುವ ಹೊತ್ತಿಗೆ ಅತ್ತ ಹೋಗುವ ಮೊದಲ ಬಸ್ಸು ಇನ್ನೂ ಡಿಪೋದಲ್ಲೇ ಇರುತ್ತದೆ. ಕಾರಿಲ್ಲದಿದ್ದರೆ ಕೆಲಸವಿಲ್ಲ. ಲೈಸೆನ್ಸ್ ಇದ್ದದ್ದು ಅವಳಿಗೆ. ನಾನು ಎರಡು ಸಲ ಫೇಲಾಗಿದ್ದೆ. ನಿಲ್ಲಿಸಬೇಕಾಗಿಲ್ಲದ ಕಡೆಯಲ್ಲೆಲ್ಲ ನಿಲ್ಲಿಸುತ್ತೇನೆ ಎಂದು ಪರೀಕ್ಷಕಿಯ ದೂರು.

ಊರಾಚೆಯ ಒಬ್ಬ ಡೀಲರ್ ಹತ್ತಿರ ನೀಲಿ ಬಣ್ಣದ ಹಳೆಯ ಸ್ಟೇಷನ್ ವ್ಯಾಗನ್ ಒಂದಿತ್ತು. ಲೆನ್ನಾರ್ಟ್ ಅಂತ ಅವನ ಹೆಸರು. ಅರವತ್ತರ ಆಸುಪಾಸು, ಮೂಗಿನ ತುದಿಯಲ್ಲಿ ಕನ್ನಡಕ. ಬೆಲೆ ಅರವತ್ತೆಂಟು ಸಾವಿರ ಕ್ರೋನಾ ಎಂದು ಮಾತಾಯಿತು. ಶೈಲಾ ಕಾರನ್ನು ಒಂದು ಸುತ್ತು ಓಡಿಸಿ ಬಂದು, "ಚೆನ್ನಾಗಿದೆ ರೀ" ಅಂದಳು. ಅವಳ ಪಾಲಿಗೆ ವ್ಯವಹಾರ ಅಲ್ಲಿಗೆ ಮುಗಿಯಿತು. ನನ್ನದು ಅಲ್ಲಿಂದ ಶುರು. ದುಡ್ಡು ಕೊಡುವುದು ಹೇಗೆ?

ನಗದು ಕೊಡೋಣವೆಂದರೆ ಅಷ್ಟು ನೋಟನ್ನು ಬ್ಯಾಗಿನಲ್ಲಿಟ್ಟು ಮೆಟ್ರೋದಲ್ಲಿ ಹೋಗಬೇಕು. ಬರೀ ಯೋಚಿಸಿದ್ದಕ್ಕೇ ನೀಲಿ ಲೈನಿನ ಪ್ರಯಾಣಿಕರೆಲ್ಲ ನನ್ನ ಬ್ಯಾಗನ್ನೇ ನೋಡಿದಂತಾಯಿತು. ಕಾರ್ಡಿನ ಮಿತಿಯೊಳಗೆ ಕಾರಿನ ಬಾಗಿಲು ಬರಬಹುದಿತ್ತು, ಕಾರಲ್ಲ. ಇಂಟರ್ನೆಟ್ಟಿನಲ್ಲಿ ಕಳಿಸಿದರೆ ದುಡ್ಡು ಶುಕ್ರವಾರ ನನ್ನ ಖಾತೆ ಬಿಟ್ಟು ಸೋಮವಾರ ಅವನ ಖಾತೆ ಸೇರುತ್ತದಂತೆ. ಹಾಗಾದರೆ ಶನಿವಾರ, ಭಾನುವಾರ ಅದು ಎಲ್ಲಿರುತ್ತದೆ? ನಿಜವಾಗಿಯೂ ಎಲ್ಲಿ? ಆಫೀಸಿನ ಫಿಕಾ ಟೇಬಲ್ಲಿನಲ್ಲಿ, ಎಲ್ಲರೂ ಕಾಫಿ ಕುಡಿಯುತ್ತಿರುವಾಗ, ಇದನ್ನು ಕೇಳಿಯೇಬಿಟ್ಟೆ. ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಬರೆದ ಅನುಭವವಿದ್ದ ಸಹೋದ್ಯೋಗಿಯೇ ಬಾಯಿಗಿಟ್ಟ ಬನ್ನನ್ನು ಕೆಳಗಿಟ್ಟು ಯೋಚಿಸತೊಡಗಿದ. "ಅದನ್ನ ನಾನೂ ಯಾವತ್ತೂ ಕೇಳಿಕೊಂಡಿರಲಿಲ್ಲ" ಅಂದ. ಆಮೇಲೆ ಅವನೇ ದಾರಿ ತೋರಿಸಿದ: "ಬ್ಯಾಂಕ್‌ವೆಕ್ಸೆಲ್ ಮಾಡಿಸು. ಬ್ಯಾಂಕು ಮೊದಲೇ ನಿನ್ನ ಹಣ ತಗೊಂಡು ಡೀಲರ್ ಕಂಪನಿ ಹೆಸರಿಗೆ ಒಂದು ಕಾಗದ ಕೊಡುತ್ತೆ. ಬೇರೆ ಯಾರ ಕೈಗೆ ಸಿಕ್ಕಿದ್ರೂ ಉಪಯೋಗವಿಲ್ಲ. ಕೀಲಿ ಕೈಗೆ ಬರೋವಾಗ ಕೊಟ್ರಾಯ್ತು."

ಅಯ್ಯೋ, ಇದು ನಮ್ಮ ಡಿ.ಡಿ.! ಪರದೇಶದ ಸಂತೆಯಲ್ಲಿ ಸೋದರಮಾವ ಎದುರಾದಷ್ಟು ಸಂತೋಷವಾಯಿತು ನನಗೆ. ಪರೀಕ್ಷೆ ಫೀಸಿಗೆಂದು ಜಯನಗರದ ಬ್ಯಾಂಕಿನಲ್ಲಿ, ಕ್ಯೂನಲ್ಲಿ ಹಿಂದಿನವನ ಗಲ್ಲವನ್ನು ನನ್ನ ಭುಜದ ಮೇಲೆ ಹೊತ್ತು ಎಷ್ಟು ಡಿ.ಡಿ. ಮಾಡಿಸಿಲ್ಲ ನಾನು! ಇಲ್ಲಿ ನಂಬರಿನ ಚೀಟಿ ಹರಿದುಕೊಂಡು ಸೋಫಾದಲ್ಲಿ ಕೂತೆ, ಅಷ್ಟೇ ವ್ಯತ್ಯಾಸ. ಕಾರು ಡೀಲರ್ ಹೆಸರಿನಲ್ಲೇ ಇದೆಯೇ, ಅದರ ಮೇಲೆ ಸಾಲವೇನಾದರೂ ಇದೆಯೇ ಎಂದು ಮುಂಚೆಯೇ ವಿಚಾರಿಸಿಕೊಂಡಿದ್ದೆ. ಈ ದೇಶದಲ್ಲಿ ಕಾರಿನ ನಂಬರು ಹೇಳಿದರೆ ಸಾಕು, ಸಾರಿಗೆ ಇಲಾಖೆಯವರು ಯಜಮಾನನ ಹೆಸರು ಹೇಳಿಬಿಡುತ್ತಾರೆ. ನೆಂಟರಿಷ್ಟರ ಸಂಬಳ ಕೇಳಿ ತಿಳಿದುಕೊಳ್ಳುವ ನಮ್ಮವರಿಗೂ ಇಷ್ಟು ಸಲೀಸಿಲ್ಲ. ಕುತೂಹಲ ತಡೆಯದೆ ನಮ್ಮ ಪಾರ್ಕಿಂಗಿನ ಇನ್ನೂ ಎರಡು ಕಾರುಗಳ ನಂಬರು ಕೊಟ್ಟು ನೋಡಿದೆ ಎಂಬುದು ನಮ್ಮೊಳಗೇ ಇರಲಿ.

ಇಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಕೌಂಟರಿನ ಹುಡುಗಿ "ಅರವತ್ತೆಂಟು ಸಾವಿರ?" ಎಂದು ಕೇಳಿದಾಗ ಆ ಮೂರು ಸೊನ್ನೆಗಳು ಕಣ್ಣಿಗೆ ಚುಚ್ಚಿದವು. ಹೊಸ ಕೆಲಸ, ಮೊದಲ ಕಾರು, ಸೊನ್ನೆಯಲ್ಲಿ ಮುಗಿಸುವುದೇ? ನಮ್ಮಲ್ಲಿ ಮದುವೆಯ ಮುಯ್ಯಿಯ ಕವರಿಗೂ ಮೇಲೊಂದು ರೂಪಾಯಿ ಅಂಟಿರುವುದಿಲ್ಲವೇ? "ಅರವತ್ತೆಂಟು ಸಾವಿರದ ಒಂದು" ಅಂದೆ. ಹುಡುಗಿ ಒಮ್ಮೆ ತಲೆಯೆತ್ತಿ ನೋಡಿ ಹಾಗೇ ಟೈಪ್ ಮಾಡಿದಳು.

ಶುಕ್ರವಾರ ಮಧ್ಯಾಹ್ನ. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋಗಿದ್ದೆವು. ಶೈಲಾ ಆಗಲೇ ಡ್ರೈವರ್ ಸೀಟಿನಲ್ಲಿ ಕೂತು ಕನ್ನಡಿ ಸರಿಮಾಡುತ್ತಿದ್ದಳು. ನಾನು ಒಂದು ಕೈಯಲ್ಲಿ ಡ್ರಾಫ್ಟು ಕೊಟ್ಟು ಇನ್ನೊಂದು ಕೈಯನ್ನು ಕೀಲಿಗೆ ಚಾಚಿದೆ. ಲೆನ್ನಾರ್ಟ್ ಡ್ರಾಫ್ಟು ಓದಿದ. ಬಿಲ್ಲು ನೋಡಿದ. ಮತ್ತೆ ಡ್ರಾಫ್ಟು. ಆಮೇಲೆ ನನ್ನ ಮುಖ. "ಒಂದು ನಿಮಿಷ" ಎಂದವನೇ ಡ್ರಾಫ್ಟನ್ನೂ ಕೀಲಿಯನ್ನೂ ಹಿಡಿದುಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಒಳಕೋಣೆಗೆ ಹಿಂಬಾಗಿಲೇನಾದರೂ ಇದ್ದರೆ? ಕಟ್ಟಡ ಸುತ್ತಿ ಹೋದೆ. ಇತ್ತು! ಕೆಸರಾದ ಹಿಮದಲ್ಲಿ ಅದರ ಮುಂದೆಯೇ ನಿಂತುಬಿಟ್ಟೆ. ಪಕ್ಕದ ಕಿಟಕಿಯಲ್ಲಿ ಲೆನ್ನಾರ್ಟ್ ಕಿವಿಗೆ ಫೋನು ಹಿಡಿದು ನಿಂತಿದ್ದ. ನಾನು ಅವನನ್ನು ನೋಡಿದೆ, ಅವನು ನನ್ನನ್ನು ನೋಡಿದ. ಅವನ ಕಣ್ಣು ಕೊಂಚ ದೊಡ್ಡದಾಯಿತು.

ಶೈಲಾ ಕಾರಿನಿಂದ ಇಳಿದು ಬಂದಳು. "ರೀ, ಇಲ್ಲಿ ಯಾಕೆ ವಾಚ್‌ಮನ್ ಥರ ನಿಂತಿದ್ದೀರಿ?"

"ಅವನು ಡ್ರಾಫ್ಟ್ ತಗೊಂಡು ಒಳಗೆ ಹೋದ ಕಣೇ. ಕೀಲಿ ಕೊಡಲಿಲ್ಲ."

"ಅವರ ಮೂವತ್ತು ಕಾರು ಮುಂದ್ಗಡೆ ನಿಂತಿವೆ. ನಿಮ್ಮ ಒಂದು ಕಾಗದ ಹಿಡ್ಕೊಂಡು ಎಲ್ಲಿಗೆ ಓಡ್ತಾರೆ?"

ಕಿಟಕಿ ತೆರೆಯಿತು. "ಬ್ಯಾಂಕಿಗೆ ಫೋನ್ ಮಾಡ್ತಿದೀನಿ" ಎಂದ ಲೆನ್ನಾರ್ಟ್, ನನ್ನದರಷ್ಟೇ ಹರಕು ಇಂಗ್ಲಿಷಿನಲ್ಲಿ. "ಕ್ಯೂನಲ್ಲಿಟ್ಟಿದಾರೆ. ಮೂರಕ್ಕೆ ಮುಚ್ತಾರೆ. ಅಷ್ಟರೊಳಗೆ ಸಿಗದಿದ್ರೆ ಕಾರು ಸೋಮವಾರ."

ಸೋಮವಾರ! ಶೈಲಾಳ ಮುಖದ ನಗು ಆರಿಹೋಯಿತು. ಕೈಗವಸಿನ ಬೆರಳನ್ನು ಒಂದೊಂದಾಗಿ ಎಳೆದುಕೊಳ್ಳುತ್ತಾ ನಿಂತಳು. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಒಂದು ಕ್ರೋನಾ ಯಾಕೆ ಹೆಚ್ಚಿದೆ?" ಎಂದ ಲೆನ್ನಾರ್ಟ್ ಫೋನು ಇಳಿಸದೆ. "ಹಿಂದೊಬ್ಬ ಹೆಚ್ಚಿಗೆ ಬರೆದ ಡ್ರಾಫ್ಟ್ ತಂದು, ಮಿಕ್ಕಿದ್ದನ್ನ ನಗದಾಗಿ ಇಸ್ಕೊಂಡು ಹೋದ. ಡ್ರಾಫ್ಟೇ ಸುಳ್ಳು."

"ಶುಭಕ್ಕೆ" ಅಂದೆ. "ಸೊನ್ನೆ ಬಂದ್ರೆ ಮುಗಿದುಹೋದ ಹಾಗೆ. ಒಂದಿದ್ರೆ ಮುಂದುವರಿಯುತ್ತೆ."

"ನನಗೆ ಇದು ಮುಗಿದ್ರೆ ಸಾಕು" ಅಂದ ಅವನು, ನಗದೆ.

ಅಷ್ಟರಲ್ಲಿ ಆ ಕಡೆ ಯಾರೋ ಮಾತಾಡಿದರು. ಲೆನ್ನಾರ್ಟ್ ಡ್ರಾಫ್ಟಿನ ನಂಬರು ಓದಿದ, ನಿಧಾನಕ್ಕೆ. ಕೇಳಿಸಿಕೊಂಡ. ಅವನ ಭುಜ ಕೆಳಗಿಳಿದದ್ದು ಕಿಟಕಿಯಾಚೆಗೂ ಕಾಣಿಸಿತು. ನನ್ನದೂ ಅದರ ಜೊತೆಗೇ ಇಳಿಯಿತು.

ಹಿಂಬಾಗಿಲಿನಿಂದಲೇ ಹೊರಗೆ ಬಂದು ಕೀಲಿಯನ್ನು ಶೈಲಾಳ ಕೈಗೆ ಕೊಟ್ಟ. ಜೇಬಿನಿಂದ ಒಂದು ಕ್ರೋನಾ ತೆಗೆದು ನನ್ನ ಕೈಗಿಟ್ಟ. "ಬಿಲ್ಲಿನಲ್ಲಿಲ್ಲದ್ದು ನನಗೆ ಬೇಡ. ಒಂದು ಮಾತು ಹೇಳಲೇ? ಒಂದು ಕ್ರೋನಾ ಹೆಚ್ಚಿದ್ದಕ್ಕೇ ನಾನು ಫೋನ್ ಮಾಡ್ತಿರಲಿಲ್ಲ. ನಿಮ್ಮ ಮುಖ ನೋಡಿ ಮಾಡಿದೆ. ಇಷ್ಟು ಹೆದರಿರೋ ಮನುಷ್ಯ ಏನೋ ಮಾಡಿದಾನೆ ಅನ್ನಿಸ್ತು."

ಶುಭದ ಕ್ರೋನಾ ವಾಪಸು ಬಂತಲ್ಲ, ಇದಕ್ಕೇನರ್ಥ ಎಂದು ನಾನು ಹೊಸ ಚಿಂತೆ ಶುರುಮಾಡುವಷ್ಟರಲ್ಲಿ ಶೈಲಾ ಅದನ್ನು ಕಸಿದುಕೊಂಡು ಕಾರಿನ ಆ್ಯಶ್‌ಟ್ರೇಗೆ ಹಾಕಿದಳು. "ಸುಮ್ನೆ ಹತ್ತಿ. ಸೀಟ್‌ಬೆಲ್ಟ್." ಸೋಮವಾರ ನಸುಕಿನಲ್ಲಿ ಅವಳು ಆ ಕಾರಿನಲ್ಲಿ ಹೊರಟಳು. ಕೆಲಸ ಇಂದಿಗೂ ಅದೇ ಲ್ಯಾಬಿನಲ್ಲಿ. ಕಾರು ಗುಜರಿಗೆ ಹೋದ ದಿನ ನಾಣ್ಯವನ್ನು ಅವಳೇ ತಂದು ಭರಣಿಯಲ್ಲಿ ಹಾಕಿದ್ದಳಂತೆ. ನನಗೆ ಗೊತ್ತೇ ಇರಲಿಲ್ಲ.

ನಾಣ್ಯ ಉಜ್ಜುತ್ತಿರುವಾಗಲೇ ಮಗಳು ಫೋನ್ ಮಾಡಿದಳು. ಓರೆಬ್ರೂದಲ್ಲಿ ಓದು ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ಡೀಲರ್ ಹತ್ತಿರ ಮೊದಲ ಕಾರು ಕೊಳ್ಳುತ್ತಿದ್ದಾಳೆ. "ಪಪ್ಪಾ, ಅಲ್ಲೇ ನಿಂತು ಮೊಬೈಲಲ್ಲಿ ಟ್ರಾನ್ಸ್‌ಫರ್ ಮಾಡ್ತೀನಿ. ಸೇಫಾ?"

"ಕಂಪನಿ ಹೆಸರಿಗೇ ಹೋಗ್ತಿದೆಯಾ ನೋಡು. ಕೀಲಿ ಕಣ್ಣೆದುರಿಗಿರಲಿ. ಅವರು ಏನಾದ್ರೂ ಚೆಕ್ ಮಾಡಿದ್ರೆ ಮಾಡಲಿ, ಕೋಪ ಮಾಡ್ಕೋಬೇಡ. ಅವರಿಗೂ ಭಯ ಇರುತ್ತೆ."

"ಅಷ್ಟೇನಾ?" ಅವಳಿಗೆ ನಂಬಿಕೆಯಾಗಲಿಲ್ಲ. "ನೀನೂ ಬಾ ಪಪ್ಪಾ, ಪ್ಲೀಸ್."

ನಾಣ್ಯವನ್ನು ಪಂಚೆಯ ಅಂಚಿನಲ್ಲಿ ಒರೆಸಿ, ಬಾಗಿಲ ಬಳಿ ನಿಂತಿದ್ದ ಶೈಲಾಳ ಕೈಗೆ ಕೊಟ್ಟೆ.

"ಅಮ್ಮ ಬರ್ತಾಳೆ ಪುಟ್ಟಿ. ನನ್ನ ಮುಖ ನೋಡಿದ್ರೆ ಅವರು ಕಾರು ಕೊಡಲ್ಲ."