ಓದು ಬಾರದವನಿಗೆ ಒಂದು ನೋಟಿಸು

ಬೆಳಿಗ್ಗೆ ಪತ್ರಿಕೆ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಕೋರ್ಟ್ ನೋಟಿಸುಗಳ ಪುಟವನ್ನು. ಇದು ಚಪಲವಲ್ಲ, ಹೊಟ್ಟೆಪಾಡು. ಹುಣಸೂರಿನ ಕೋರ್ಟಿನ ಎದುರು ನನ್ನದೊಂದು ಟೈಪಿಂಗ್ ಅಂಗಡಿ; ವಕೀಲರು ಬರೆದುಕೊಟ್ಟ ನೋಟಿಸನ್ನು ಟೈಪ್ ಮಾಡಿ ಪತ್ರಿಕೆಗೆ ಕಳಿಸುವ ಏಜೆಂಟನೂ ನಾನೇ. ಕಾಫಿ ಕುಡಿಯುತ್ತ ಸತ್ತವರ ಆಸ್ತಿ ವಿಚಾರ ಓದುವ ಗಂಡಸು ಭೂಮಿಯ ಮೇಲೆ ನಾನೊಬ್ಬನೇ ಎಂದು ನನ್ನ ಹೆಂಡತಿ ನಂಬಿದ್ದಾಳೆ.

ಆ ಪುಟದ್ದೇ ಒಂದು ಲೋಕ. ಕೆ.ಆರ್. ನಗರದ ಅಕ್ಕಿ ಗಿರಣಿಯ ಪಾಲುದಾರರೊಬ್ಬರು ತಾವು ವ್ಯವಹಾರದಿಂದ ಹೊರಬಂದಿರುವುದಾಗಿ ಸಾರುತ್ತಾರೆ. ಬೀಚನಹಳ್ಳಿಯಲ್ಲಿ ತೀರಿಕೊಂಡ ಯಜಮಾನರ ಜಮೀನಿಗೆ ತಾವೇ ವಾರಸುದಾರರೆಂದು ಮೂವರು ಮಕ್ಕಳು ಹೇಳಿಕೊಳ್ಳುತ್ತಾರೆ. ಮರುವಾರ ಅದೇ ಜಾಗದಲ್ಲಿ ನಾಲ್ಕನೆಯವಳು ಪ್ರತ್ಯಕ್ಷಳಾಗುತ್ತಾಳೆ. ಊರಿಗೆಲ್ಲ ತಿಳಿಯಲೆಂದೇ ಹಾಕಿಸುವ ಈ ಸಂಗತಿಗಳನ್ನು ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕುತ್ತೇವೆ. ಯಾರೂ ಓದುವುದಿಲ್ಲವೆಂದು ವಕೀಲರಿಗೆ ಗೊತ್ತು, ನನಗಂತೂ ಚೆನ್ನಾಗಿ ಗೊತ್ತು. ಅಚ್ಚಾದ ಪ್ರತಿಯನ್ನು ಫೈಲಿಗೆ ಸೇರಿಸಿದರೆ ಊರಿಗೆಲ್ಲ ತಿಳಿಸಿದಂತಾಯಿತೆಂದು ಇಷ್ಟು ವರ್ಷ ಅಂದುಕೊಂಡಿದ್ದೆ.

ಇದನ್ನು ಒಪ್ಪದಿದ್ದವಳು ಮುತ್ತಮ್ಮ. ಗುರುಪುರದಾಚೆ ಕಾಡಂಚಿನ ಗಿರಿಜನರ ಹಾಡಿಯವಳು. ಗಂಡ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆಂದು ಹೋದವನು ಏಳೆಂಟು ವರ್ಷವಾದರೂ ಮರಳಿರಲಿಲ್ಲ. ಹೋಗುವ ಹಿಂದಿನ ದಿನ ಇಬ್ಬರಿಗೂ ಜೋರು ಜಗಳವಾಗಿತ್ತಂತೆ. ಇರುವ ತುಂಡು ಜಮೀನು ಅವನ ಹೆಸರಿನಲ್ಲಿದೆ. ಅವನು ಸತ್ತಿದ್ದಾನೆಂದು ಕೋರ್ಟು ಹೇಳದೆ ಅದು ಇವಳ ಹೆಸರಿಗೆ ಬರುವಂತಿಲ್ಲ. ಕೋರ್ಟು ಹಾಗೆ ಹೇಳುವ ಮುಂಚೆ, ಬದುಕಿದ್ದರೆ ಇಂಥ ದಿನ ಹಾಜರಾಗತಕ್ಕದ್ದು ಎಂದು ಅವನಿಗೇ ಪತ್ರಿಕೆಯಲ್ಲಿ ನೋಟಿಸು ಕೊಡಬೇಕು. ಟೈಪ್ ಮಾಡಿ ಮುತ್ತಮ್ಮನಿಗೆ ಓದಿ ಹೇಳಿದೆ.

"ಅಣ್ಣ, ಅವ್ರಿಗೆ ಓದಕ್ಕೆ ಬರಲ್ವಲ್ಲ," ಎಂದಳು.

"ಅದೇನೂ ಪರವಾಗಿಲ್ಲ ಕಣಮ್ಮ. ಪೇಪರಲ್ಲಿ ಬಂದ್ರೆ ಸಾಕು."

"ಅದೆಂಗೆ ಸಾಕಾಯ್ತದೆ? ಯಾರಾರ ಓದಿ ಯೋಳ್ಬೇಕಲ್ವಾ?"

ನೋಟಿಸು ಬಂದ ದಿನ ಹತ್ತು ಪ್ರತಿ ಕೊಂಡಳು. ಕೊಡಗಿನ ಬಸ್ಸು ಹತ್ತಿ, ತೋಟದಿಂದ ತೋಟಕ್ಕೆ ನಡೆದು, ಕೂಲಿಯವರ ಲೈನ್ ಮನೆಗಳ ಮುಂದೆ ಓದು ಬಲ್ಲವರನ್ನು ಹಿಡಿದು ಗಟ್ಟಿಯಾಗಿ ಓದಿಸಿದಳಂತೆ. ಒಂದು ಕಡೆ ನನ್ನ ಕೋರ್ಟು ಕನ್ನಡ ಯಾರಿಗೂ ಅರ್ಥವಾಗದೆ ಮಲಯಾಳಿ ಮೇಸ್ತ್ರಿಯೊಬ್ಬ ಬಿಡಿಸಿ ಹೇಳಬೇಕಾಯಿತಂತೆ. ಕೇಳಿ ನಕ್ಕೆನಾದರೂ ಒಳಗೊಳಗೇ ನಾಚಿಕೆಯಾಯಿತು. ಪ್ರಕಟಿಸುವುದು ಎಂದರೆ ಏನೆಂದು ಈ ಕಸುಬಿನಲ್ಲಿ ತಿಳಿದಿದ್ದವಳು ಅವಳೊಬ್ಬಳೇ.

ಹಾಜರಾಗಬೇಕಿದ್ದ ದಿನ ಕೋರ್ಟಿನಲ್ಲಿ ಅವನ ಹೆಸರನ್ನು ಮೂರು ಸಲ ಕೂಗಿದರು. ಮೂರು ಸಲವೂ ಮುತ್ತಮ್ಮ ಬಾಗಿಲ ಕಡೆ ತಿರುಗಿದಳು. ಯಾರೂ ಬರಲಿಲ್ಲ. ಕೆಲವು ತಿಂಗಳ ನಂತರ ಆದೇಶ ಅವಳ ಪರವಾಗಿಯೇ ಆಯಿತು.

ಆದೇಶದ ನಕಲು ಹಿಡಿದು ಅಂಗಡಿಗೆ ಬಂದಳು. ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

"ಸತ್ತೋದ್ರು ಅಂತ ಕೋರ್ಟೇ ಬರ್ದದೆ ಅಂತ ಗೊತ್ತಾದ್ರೆ, ಅವ್ರು ಇನ್ನು ಬರಾಕೇ ಅಂಜ್ಕೋತಾರೆ ಕಣಣ್ಣ. ಮನೆಗೆ ಬನ್ನಿ, ಯಾರೂ ಏನೂ ಅನ್ನಾಕಿಲ್ಲ ಅಂತ ಇನ್ನೊಂದು ಆಕ್ಬುಡಿ."

ನನ್ನ ಫೈಲುಗಳಲ್ಲಿ ಇದಕ್ಕೊಂದು ನಮೂನೆ ಇರಲಿಲ್ಲ. ವಕೀಲರನ್ನು ಕೇಳಿದರೆ, ಸತ್ತನೆಂದು ಕೋರ್ಟು ಹೇಳಿದವನನ್ನು ಹೆಸರು ಹಿಡಿದು ಕರೆದರೆ ಆದೇಶಕ್ಕೇ ಕುತ್ತು ಎಂದು ಗದರಿದರು. ಕೊನೆಗೆ ಹೆಸರು ಬಿಟ್ಟೆ, ಊರೂ ಬಿಟ್ಟೆ. ಅಂಗಡಿಯ ಫೋನ್ ನಂಬರಿನೊಂದಿಗೆ ಎರಡೇ ಸಾಲು ಕಳಿಸಿದೆ: 'ಮನೆಗೆ ಬನ್ನಿ. ಯಾರೂ ಏನೂ ಅನ್ನುವುದಿಲ್ಲ.'

ಮುತ್ತಮ್ಮನ ಗಂಡನ ಸುಳಿವು ಇಂದಿನವರೆಗೂ ಇಲ್ಲ. ಅವಳನ್ನು ಕಂಡಾಗೆಲ್ಲ ನನಗೆ ಸಂಕಟವಾಗುತ್ತದೆ. ಆದರೆ ಪ್ರಕಟಣೆ ಬಂದ ಮೂರನೆಯ ದಿನ ಯಾರೋ ಮಡಿಕೇರಿಯಿಂದ ಫೋನ್ ಮಾಡಿದ್ದರು. ತನ್ನ ಊರು ಪಿರಿಯಾಪಟ್ಟಣದ ಹತ್ತಿರದ ಕಂಪಲಾಪುರ ಎಂದ ಆ ಗಂಡಸು, ಆ ಎರಡು ಸಾಲನ್ನು ನನಗೇ ಓದಿ ಹೇಳಿದ.

"ಸಾ," ಎಂದ ಕೊನೆಗೆ, "ಪೇಪರಲ್ಲಿ ಬಂದದಲ್ಲ, ಅದು ನಮ್ಮನೆಯೋರು ಆಕ್ಸಿರೋದಾ?"

ಕೋರ್ಟಿನ ಎದುರು ಕೂತು ಒಂದಕ್ಷರವನ್ನೂ ಸುಳ್ಳು ಬರೆದವನಲ್ಲ ನಾನು.

"ಹೌದು ಕಣಪ್ಪ," ಎಂದೆ. "ಇವತ್ತೇ ಹೊರಡು."