ಜರುಗದ ಕೆಂಪು ಕಲೆ

ಕಾರ್ಖಾನೆಯಲ್ಲಿ ಅವಳನ್ನು ನಾವೆಲ್ಲ ದೀಪದಕ್ಕ ಎನ್ನುತ್ತಿದ್ದೆವು. ಗಾಳಿಯಂತ್ರದ ರೆಕ್ಕೆಗಳನ್ನು ಮಾಡುವ ಕಾರ್ಖಾನೆ ಅದು. ಎರಡು ಹೋಳುಗಳನ್ನು ಅಂಟಿಸಿ ರೆಕ್ಕೆ ಮಾಡಿದ ಮೇಲೆ, ಒಳಗೆ ಅಂಟು ಸರಿಯಾಗಿ ಕೂತಿದೆಯೇ ಎಂದು ಕೊಯ್ದು ನೋಡುವಂತಿಲ್ಲ. ದೀಪದಕ್ಕ ದೊಡ್ಡ ದೀಪಗಳಿಂದ ರೆಕ್ಕೆಯ ಮೈ ಬಿಸಿ ಮಾಡಿ, ಶಾಖ ಕಾಣುವ ಕ್ಯಾಮೆರಾ ಹಿಡಿಯುತ್ತಿದ್ದಳು. ಅಂಟು ಇದ್ದಲ್ಲಿ ಶಾಖ ಒಳಗಿಳಿಯುತ್ತದೆ. ಪೊಳ್ಳು ಇದ್ದಲ್ಲಿ ಮೇಲೆಯೇ ನಿಂತು ಪರದೆಯಲ್ಲಿ ಕೆಂಪಗೆ ಕಾಣುತ್ತದೆ. ಅವಳ ಗಂಡ ಅಲ್ಲಿಯೇ ಅಂಟಿನ ಮೇಸ್ತ್ರಿ. "ಮನೇಲೂ ತಪ್ಪು ಹಿಡೀತಾಳೆ, ಇಲ್ಲೂ ಹಿಡೀತಾಳೆ, ನಾನೆಲ್ಲಿಗೆ ಹೋಗ್ಲಿ" ಎಂದು ಗೋಳಾಡಿ ನಮ್ಮನ್ನು ನಗಿಸುತ್ತಿದ್ದ. ನಿಜ ಹೇಳಬೇಕೆಂದರೆ ಅವನ ಕೆಲಸದಲ್ಲಿ ಅವಳಿಗೆ ತಪ್ಪೇ ಸಿಕ್ಕಿರಲಿಲ್ಲ.

ಆ ವರ್ಷ ಅವನ ಬಲಗೈ ನಡುಗತೊಡಗಿತು. ಮನೆಯಲ್ಲಿ ಚಹಾ ಲೋಟ ಎಡಗೈಗೆ ಬದಲಾದದ್ದನ್ನು ಅವಳು ಕಂಡಿದ್ದಳು, ಯಾಕೆಂದು ಕೇಳಿರಲಿಲ್ಲ. ಮೇಲಿನವರಿಗೆ ತಿಳಿದರೆ ಅವನನ್ನು ಕೆಲಸದಿಂದ ತೆಗೆಯುತ್ತಾರೆ, ಅವನಿಗೆ ಬೇರೆ ಕೆಲಸ ಬಾರದು.

ಒಂದು ಬೆಳಿಗ್ಗೆ ಅವನು ಅಂಟಿಸಿದ ರೆಕ್ಕೆಯ ಮೇಲೆ ಕೆಂಪು ಕಲೆ ಕಂಡಿತು. ರೆಕ್ಕೆಯನ್ನು ಬೇಗ ಲಾರಿಗೆ ಹತ್ತಿಸುವ ಅವಸರದಲ್ಲಿದ್ದ ಸೂಪರ್‌ವೈಸರ್, "ನಿಮ್ಮ ಮೈ ಬಿಸಿನೇ ಇರ್ಬೇಕಕ್ಕ, ಜರುಗಿ ನೋಡಿ" ಎಂದ. ಅವನು ಹೇಳಿದ್ದರಲ್ಲಿ ಅರ್ಥವಿತ್ತು. ನುಣುಪಾದ ಮೈಯಲ್ಲಿ ನೋಡುವವರ ಶಾಖವೇ ಪ್ರತಿಬಿಂಬವಾಗಿ ಬಿದ್ದು, ಎಷ್ಟೋ ಹೊಸಬರು ತಮ್ಮನ್ನೇ ದೋಷವೆಂದು ಬರೆದುಕೊಟ್ಟದ್ದುಂಟು. ಅದಕ್ಕೇ ಒಂದು ಪದ್ಧತಿ: ಪಕ್ಕಕ್ಕೆ ಸರಿಯಬೇಕು, ಕಲೆಯೂ ಜೊತೆಗೆ ಸರಿದರೆ ಅದು ನಾವೇ.

ಅವಳು ಸರಿದಳು. ಕಲೆ ಸರಿಯಲಿಲ್ಲ. ಆಚೆ ಬದಿಗೂ ಹೋಗಿ ನೋಡಿದಳು. ಯಾವ ಕಲೆಗೂ ಜರುಗು ಎಂದು ಬೇಡಿಕೊಂಡವಳಲ್ಲ, ಅಂದು ಬೇಡಿಕೊಂಡಳಂತೆ. ಕಲೆಯ ಅಂಚು ಅಂಕುಡೊಂಕಾಗಿತ್ತು, ನಡುಗುವ ಕೈ ಎಳೆದ ಗೆರೆಯ ಹಾಗೆ. "ಹೌದು, ನಾನೇ" ಎಂದುಬಿಟ್ಟಿದ್ದರೆ ಯಾರೂ ಮರುಮಾತಾಡುತ್ತಿರಲಿಲ್ಲ. ಆದರೆ ಆ ರೆಕ್ಕೆ ಎಲ್ಲೋ ಯಾರದೋ ತಲೆಯ ಮೇಲೆ ತಿರುಗಬೇಕಿತ್ತು.

"ನಾನಲ್ಲ. ಒಳಗೆ ಪೊಳ್ಳಿದೆ" ಎಂದು ಸೀಮೆಸುಣ್ಣದಿಂದ ಸುತ್ತು ಹಾಕಿದಳು.

ಕೈ ನಡುಕ ಮೇಲಿನವರಿಗೆ ತಿಳಿದು, ಮಧ್ಯಾಹ್ನದೊಳಗೆ ಮೇಸ್ತ್ರಿಯ ಕೆಲಸ ಹೋಯಿತು. ನನಗೆ ಅವಳ ಮೇಲೆ ಸಿಟ್ಟು ಉಕ್ಕಿತು; ಕಟ್ಟಿಕೊಂಡ ಗಂಡನಿಗಿಂತ ಕ್ಯಾಮೆರಾ ಹೆಚ್ಚಾಯಿತೇ ಎಂದುಕೊಂಡೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ನಾನು ಬೂಟು ಬಿಚ್ಚುತ್ತಿದ್ದಾಗ ಅವಳು ಬಂದು, ಎದುರು ಬೆಂಚಿನಲ್ಲಿದ್ದ ಗಂಡನ ಪಕ್ಕ ಕೂತಳು.

"ಬೇಜಾರಾಯ್ತಾ?" ಎಂದಳು.

"ಕೈ ಹೋಗಿ ತುಂಬಾ ದಿನ ಆಯ್ತು ಕಣೆ" ಎಂದ ಅವನು. "ನೀನು ನೋಡ್ತೀಯಲ್ಲ, ಕೆಟ್ಟದ್ದು ಹೊರಗೆ ಹೋಗಲ್ಲ ಅನ್ನೋ ಧೈರ್ಯದ ಮೇಲೇ ಇಷ್ಟು ದಿನ ಅಂಟು ಹಾಕಿದ್ದು."

ಅವಳು ಅವನ ಬಲಗೈಯನ್ನು ಎಳೆದು ಮಡಿಲಲ್ಲಿಟ್ಟುಕೊಂಡಳು. ಅದು ಅಲ್ಲಿಯೂ ನಡುಗುತ್ತಲೇ ಇತ್ತು.