ಡಾಕ್ಟರು ತಮ್ಮ ಮೈಮೇಲೆ ತೋರಿಸಿದ ನೋವು

"ನೋವು ಎಲ್ಲಿ ಅಂತ ಕೈಯಿಟ್ಟು ತೋರಿಸಿ ಅಮ್ಮಾ" ಎಂದರು ಟಿವಿಯೊಳಗಿನ ಡಾಕ್ಟರು. ಅವರಿದ್ದದ್ದು ಬೆಂಗಳೂರಿನಲ್ಲಿ, ನಾವಿದ್ದದ್ದು ಬೆಳ್ತಂಗಡಿಯ ಆಸ್ಪತ್ರೆಯಲ್ಲಿ. ದೂರದ ದೊಡ್ಡ ಡಾಕ್ಟರು ಹೀಗೆ ಪರದೆಯಲ್ಲಿ ನೋಡುವ ವ್ಯವಸ್ಥೆ ಆಗಷ್ಟೇ ಬಂದಿತ್ತು. ನನ್ನ ಅಮ್ಮ ನಾಚಿಕೆಯಿಂದ ಸೆರಗು ಬಿಗಿಹಿಡಿದು ತಲೆ ತಗ್ಗಿಸಿದರು. "ಗ್ಯಾಸ್ ಇರಬೇಕು ಡಾಕ್ಟ್ರೇ" ಎಂದು ನಾನೇ ಹೇಳಿದೆ.

ಅವರು ನನ್ನ ಮಾತು ಹಿಡಿಯದೆ ತಮ್ಮ ಎದೆಯ ಮೇಲೆಯೇ ಕೈಯಿಟ್ಟು, "ಇಲ್ಲಿಯಾ ಅಮ್ಮಾ?" ಎಂದು ಕೇಳಿದರು. ಇನ್ನೊಬ್ಬರ ಕಾಯಿಲೆಯನ್ನು ನಮ್ಮ ಮೈಮೇಲೆ ತೋರಿಸಿದರೆ ಅದು ನಮಗೇ ಬರುತ್ತದೆ ಎಂಬ ಹೆದರಿಕೆ ನಮ್ಮ ಕಡೆ ಉಂಟು. ಅಮ್ಮ ಗಾಬರಿಯಾಗಿ, "ಬೊಡ್ಚಿ ಬೊಡ್ಚಿ, ಬೇಡ! ನಿಮ್ಮ ಮೈಯಲ್ಲಿ ತೋರಿಸ್ಬೇಡಿ ಮಗಾ, ನಾನೇ ತೋರಿಸ್ತೇನೆ" ಎನ್ನುತ್ತಾ ಎದೆಯಿಂದ ದವಡೆಗೆ, ಎಡಗೈಗೆ ಬೆರಳು ಎಳೆದು ತೋರಿಸಿದರು.

"ಇದು ಗ್ಯಾಸ್ ಅಲ್ಲ, ಹೃದಯದ್ದು. ಈಗಲೇ ಮಂಗಳೂರಿಗೆ ಕರ್ಕೊಂಡು ಹೋಗಿ" ಎಂದರು ಡಾಕ್ಟರು. ಹೋದೆವು. ಅಮ್ಮನ ಜೀವ ಉಳಿಯಿತು.

ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಕೆಂಪುಕಲ್ಲು ಕೆತ್ತಿ ಬದುಕಿದವನು ನಾನು. ಸುಮ್ಮನೆ ಯಾರಿಗೂ ಕೈಮುಗಿದವನಲ್ಲ, ಅಂದು ಆ ಟಿವಿಗೆ ಮುಗಿದೆ. ಅಮ್ಮನಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ. ಸಂಜೆ ದೀಪ ಹಚ್ಚುವಾಗ, ಆ ಡಾಕ್ಟರ ಎದೆಗೆ ಏನೂ ಆಗದಿರಲಿ ಎಂದು ದಿನವೂ ಬೇಡಿಕೊಳ್ಳುತ್ತಾರೆ.